ನದಿ ದಾಟಿಸುವ ಹಳೇ ಸೇತುವೆಗೆ ರಿಪೇರಿ ಎಂದರೆ ಏನು ಮಾಡುತ್ತಾರೆ?

ತೊಕ್ಕೊಟ್ಟಿನಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ನೇತ್ರಾವತಿ ಬಂತು ಎಂದು ಗೊತ್ತಾಗುತ್ತದೆ. ಗಾಳಿ ತಣ್ಣಗಾಗುತ್ತದೆ. ಚಕ್ರದ ಅಡಿಯಿಂದ ಒಂದೇ ಅಂತರದಲ್ಲಿ ‘ಟಕ್-ಟಕ್, ಟಕ್-ಟಕ್’ ಕೇಳುತ್ತದೆ. ದಿನಾ ಓಡಾಡುವವರಿಗೆ ಅದು ಕಿವಿಗೆ ಬೀಳುವುದೇ ಇಲ್ಲ. ಎಲ್ಲಾದರೂ ಸೇತುವೆ ಬಿದ್ದ ಸುದ್ದಿ ಬಂದ ಮರುದಿನ ಮಾತ್ರ ಆ ಶಬ್ದ ಜೋರಾಗಿ ಕೇಳುತ್ತದೆ, ಅಲ್ವಾ?

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಮಂಗಳೂರು, ಉಡುಪಿ, ಕುಂದಾಪುರ ದಾಟಿ ಹೋಗುವ ನಮ್ಮದೇ ಹೆದ್ದಾರಿ 66ರ ಸೇತುವೆ ಅದು. ಮುಂದಿನ ವರ್ಷ ಜುಲೈ 9ಕ್ಕೆ ಗುಜರಾತಿನ ಗಂಭೀರಾ ಸೇತುವೆ ಬಿತ್ತು. ಇಪ್ಪತ್ತು ಜನ ಸತ್ತರು ಎಂದು ಲೆಕ್ಕ ಬರುವಷ್ಟರಲ್ಲಿ ಆ ಲೆಕ್ಕವೂ ಏರಿತ್ತು. ಎರಡೂ ಸೇತುವೆಗೆ ವಯಸ್ಸು ನಲವತ್ತರ ಆಸುಪಾಸು. ಅತ್ತ ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಹಳೇ ಸೇತುವೆ ಇನ್ನೂ ನಿಂತಿದೆ. ಹಾಗಾದರೆ ವಯಸ್ಸೊಂದೇ ಕಾರಣ ಅಲ್ಲ. ಸೇತುವೆಯನ್ನು ಹಾಳು ಮಾಡುವುದು ಹೆಚ್ಚಾಗಿ ನೀರು. ಮೇಲಿಂದ ಸುರಿಯುವ ಮಳೆನೀರು, ಉಬ್ಬರದಲ್ಲಿ ಬರುವ ಉಪ್ಪುನೀರು, ಅಡಿಯಲ್ಲಿ ಹರಿಯುವ ಹೊಳೆನೀರು. ಮೂರೂ ನಮ್ಮ ಕರಾವಳಿಯಲ್ಲಿ ಧಾರಾಳ.

ತೋಡಿನ ಸಂಕದಿಂದ ಶುರು ಮಾಡೋಣ

ತೋಟದ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ ಹಾಕಿದ್ದು ನೋಡಿರುತ್ತೀರಿ. ನಡುವೆ ನಿಂತರೆ ಮರ ಬಗ್ಗುತ್ತದೆ. ಬಗ್ಗಿದಾಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಅಡಿಯ ಮೈ ಎಳೆದುಕೊಳ್ಳುತ್ತದೆ. ಸೇತುವೆಯ ಲೆಕ್ಕವೆಲ್ಲ ಇಷ್ಟರಲ್ಲೇ ಇದೆ.

ಕಾಂಕ್ರೀಟು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ದುರ್ಬಲ. ಮಂಗಳೂರು ಹೆಂಚಿನ ಹಾಗೆ. ಹೆಂಚುಗಳನ್ನು ಒಂದರ ಮೇಲೊಂದು ಎಷ್ಟು ಪೇರಿಸಿದರೂ ಅಡಿಯದ್ದು ಒಡೆಯುವುದಿಲ್ಲ. ಎರಡು ಕಲ್ಲಿನ ಮೇಲೆ ಒಂದು ಹೆಂಚು ಇಟ್ಟು ನಡುವೆ ಕಾಲಿಟ್ಟರೆ ಪಟ್ಟನೆ ಎರಡು ತುಂಡು. ಅದಕ್ಕೇ ಎಳೆತ ಬೀಳುವ ಅಡಿಭಾಗದಲ್ಲಿ ಕಬ್ಬಿಣದ ರಾಡ್ ಇಡುತ್ತಾರೆ. ಒತ್ತಡವನ್ನು ಕಾಂಕ್ರೀಟು ತಾಳುತ್ತದೆ, ಎಳೆತವನ್ನು ಕಬ್ಬಿಣ ತಾಳುತ್ತದೆ.

ನಾವು ಓಡಾಡುವ ಹಾಸು ಸ್ಲ್ಯಾಬ್. ಅದನ್ನು ಹೊತ್ತ ಉದ್ದನೆಯ ತೊಲೆ ಗರ್ಡರ್. ಗರ್ಡರ್ ನೇರವಾಗಿ ಕಂಬದ ಮೇಲೆ ಕೂರುವುದಿಲ್ಲ, ನಡುವೆ ಬೇರಿಂಗ್ ಇರುತ್ತದೆ. ಹೊಸ ಸೇತುವೆಗಳಲ್ಲಿ ಇದು ಹೆಚ್ಚಾಗಿ ಉಕ್ಕಿನ ತಗಡು ಸೇರಿಸಿದ ದಪ್ಪ ರಬ್ಬರು. ಫ್ರಿಜ್ಜಿನ ಅಡಿಗೆ ಇಡುವ ರಬ್ಬರ್ ಬುಶ್ ದೊಡ್ಡದಾದರೆ ಹೇಗೋ ಹಾಗೆ. ಭಾರವನ್ನು ಕೆಳಗೆ ದಾಟಿಸುತ್ತದೆ, ಗರ್ಡರ್ ಸ್ವಲ್ಪ ಅತ್ತಿತ್ತ ಸರಿಯಲು ಬಿಡುತ್ತದೆ.

ಕಂಬದ ಅಡಿಯಲ್ಲಿ ಇರುವುದು ಬಾವಿ. ನಿಜವಾಗಿಯೂ ಬಾವಿ! ಊರಲ್ಲಿ ರಿಂಗ್ ಇಳಿಸಿ ಬಾವಿ ತೋಡುವ ಹಾಗೆಯೇ ಹೊಳೆಯಲ್ಲಿ ಕಾಂಕ್ರೀಟಿನ ದೊಡ್ಡ ಕೊಳವೆ ನಿಲ್ಲಿಸಿ, ಒಳಗಿನ ಹೊಯ್ಗೆ (ಮರಳು) ತೆಗೆಯುತ್ತಾ ಹೋಗುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಬೇಕಾದ ಆಳ ಸಿಕ್ಕಿದ ಮೇಲೆ ತಳಕ್ಕೆ ಕಾಂಕ್ರೀಟು ಹಾಕಿ, ಒಳಗೆ ಮರಳು ತುಂಬಿ, ಮೇಲೆ ಮುಚ್ಚಳ ಕಟ್ಟಿ, ಅದರ ಮೇಲೆ ಕಂಬ ಎಬ್ಬಿಸುತ್ತಾರೆ. ಹಳೇ ದೊಡ್ಡ ಸೇತುವೆಗಳಲ್ಲಿ ತುಂಬಾ ಕಡೆ ಇದೇ ಅಡಿಪಾಯ. ಈಗೀಗ ನೆಲ ಕೊರೆದು ಕಾಂಕ್ರೀಟು ತುಂಬುವ ಪೈಲ್ ಜಾಸ್ತಿ.

ಆ ‘ಟಕ್-ಟಕ್’ ಎಂತದ್ದು?

ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ. 30 ಮೀಟರ್ ಉದ್ದದ ಗರ್ಡರ್ 20 ಡಿಗ್ರಿ ಬಿಸಿಯಾದರೆ ಸುಮಾರು 6ರಿಂದ 7 ಮಿಲಿಮೀಟರ್ ಉದ್ದವಾಗುತ್ತದೆ. ಜಾಗ ಬಿಡದಿದ್ದರೆ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಅದಕ್ಕೇ ಎರಡು ಸ್ಲ್ಯಾಬ್ ನಡುವೆ ಸಂದು ಬಿಟ್ಟು, ಅದಕ್ಕೆ ಉಕ್ಕಿನ ಅಂಚು ಕಟ್ಟಿ, ರಬ್ಬರ್ ಪಟ್ಟಿ ಕೂರಿಸುತ್ತಾರೆ. ಇದೇ ಎಕ್ಸ್‌ಪಾನ್ಷನ್ ಜಾಯಿಂಟ್. ಮುಂದಿನ ಚಕ್ರ ದಾಟಿದಾಗ ಒಂದು ಟಕ್, ಹಿಂದಿನದ್ದಕ್ಕೆ ಇನ್ನೊಂದು.

ಸಣ್ಣ ಶಬ್ದ ಬಂದರೆ ಚಿಂತೆ ಇಲ್ಲ. ‘ಟಕ್’ ಹೋಗಿ ‘ಧಡ್’ ಆದರೆ ಜಾಯಿಂಟ್ ಹಾಳಾಗಿದೆ ಎಂದು ಅರ್ಥ. ಆಗ ಎರಡು ತೊಂದರೆ. ಒಂದು, ಪ್ರತೀ ಲಾರಿಯೂ ಅಲ್ಲಿ ಸುತ್ತಿಗೆಯ ಹಾಗೆ ಬಡಿಯುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ರಬ್ಬರ್ ಹರಿದ ಸಂದಿನಿಂದ ಮಳೆನೀರು ಸೀದಾ ಕೆಳಗಿಳಿಯುತ್ತದೆ. ಇಳಿಯುವುದು ಎಲ್ಲಿಗೆ? ಗರ್ಡರಿನ ತುದಿಗೆ, ಬೇರಿಂಗಿಗೆ, ಕಂಬದ ನೆತ್ತಿಗೆ. ಸೇತುವೆಯ ಭಾರವೆಲ್ಲ ದಾಟಿ ಹೋಗುವ ಜಾಗವೇ ಅದು. ಗಂಭೀರಾ ಸೇತುವೆ ಬಿದ್ದಾಗ ಗುಜರಾತ್ ಸರಕಾರ ಮೊದಲ ತನಿಖೆಯ ನಂತರ ಹೇಳಿದ್ದು ಇಂಥದ್ದೇ ಜಾಗದ ಹೆಸರು: ಗರ್ಡರ್ ಕೂರುವ ಪೀಠ ಮತ್ತು ಜೋಡಣೆ ಜಜ್ಜಿಹೋಗಿವೆ ಎಂದು.

ಇನ್ನು ಸೇತುವೆಯ ಬದಿಯಲ್ಲಿ ನೀರು ಹೋಗಲು ತೂತುಗಳಿರುತ್ತವೆ. ಮಣ್ಣು, ಎಲೆ, ಗುಟ್ಕಾ ಪ್ಯಾಕೆಟ್ ತುಂಬಿ ಅವು ಕಟ್ಟಿರುತ್ತವೆ. ಮಳೆಗಾಲದಲ್ಲಿ ಸೇತುವೆ ಮೇಲೆ ಕೆರೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಒಂದು ಕಬ್ಬಿಣದ ಸಲಾಕೆ ಹಿಡಿದು ಮೇ ಕೊನೆಗೆ ಒಬ್ಬ ಆ ತೂತುಗಳನ್ನು ಬಿಡಿಸುತ್ತಾ ಹೋದರೆ ಎಷ್ಟೋ ದೊಡ್ಡ ರಿಪೇರಿ ತಪ್ಪುತ್ತದೆ. ಆದರೆ ಇಂಥ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲವಲ್ಲ!

ಉಪ್ಪು ಒಳಗೆ ಹೋದರೆ

ಕರಾವಳಿಯ ಹಳೇ ಆರ್‌ಸಿಸಿ ಮನೆಗಳ ಸಜ್ಜಾ ನೋಡಿ. ಗಾರೆ ಉದುರಿ, ಕೆಂಪಗೆ ತುಕ್ಕು ಹಿಡಿದ ರಾಡ್ ಹೊರಗೆ ಇಣುಕುತ್ತಿರುತ್ತದೆ. ನಮ್ಮ ಮನೆಯಲ್ಲೂ ಒಂದು ಹಾಗೆ ಉದುರಿತ್ತು. ಮೇಸ್ತ್ರಿ ಬಂದು ಗಾರೆ ಮೆತ್ತಿ, ಸುಣ್ಣ ಹೊಡೆದು ಹೋದ. ಮೂರನೇ ಮಳೆಗೆ ಪಕ್ಕದಲ್ಲೇ ಮತ್ತೆ ಉದುರಿತು. ಸೇತುವೆಯ ಕಥೆಯೂ ಬೇರೆ ಅಲ್ಲ.

ಒಳ್ಳೆಯ ಕಾಂಕ್ರೀಟು ಸುಣ್ಣದ ಹಾಗೆ ಕ್ಷಾರ. ಆ ಕ್ಷಾರದ ಒಳಗೆ ಇರುವವರೆಗೆ ರಾಡಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಇರುತ್ತದೆ. ತುಕ್ಕು ಹಿಡಿಯಲು ಅದು ಬಿಡುವುದಿಲ್ಲ. ಆ ಪೊರೆ ಹೋಗುವುದು ಎರಡು ದಾರಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನಕ್ಕೆ ಒಳಗೆ ಹೋಗಿ ಕ್ಷಾರವನ್ನು ಕಡಿಮೆ ಮಾಡುತ್ತದೆ. ಇದಕ್ಕೆ ದಶಕಗಳು ಬೇಕು. ಎರಡನೆಯದು ಉಪ್ಪು. ಉಪ್ಪಿನ ಕ್ಲೋರೈಡ್ ಕ್ಷಾರ ಎಷ್ಟಿದ್ದರೂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಅಲ್ಲಿಂದ ತುಕ್ಕು ಶುರು.

ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಎರಡರಿಂದ ಆರು ಪಟ್ಟು. ಹೊರಗೆ ಜಾಗ ಇಲ್ಲದ ಕಾರಣ ಒಳಗಿಂದಲೇ ಕಾಂಕ್ರೀಟನ್ನು ತಳ್ಳುತ್ತದೆ. ಮೊದಲು ರಾಡಿನ ಉದ್ದಕ್ಕೆ ಕೂದಲೆಳೆಯ ಬಿರುಕು, ಆಮೇಲೆ ಕಂದು ಗೆರೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುವುದು. ಬಿರುಕು ಬಿಟ್ಟ ಮೇಲೆ ಉಪ್ಪು, ನೀರು, ಗಾಳಿ ಮೂರಕ್ಕೂ ಬಾಗಿಲು ತೆರೆದ ಹಾಗೆ.

ಒಮ್ಮೆ ಇಳಿತದ ಹೊತ್ತಿನಲ್ಲಿ ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರ ದೋಣಿಯಲ್ಲಿ ಹಳೇ ಸೇತುವೆಯೊಂದರ ಅಡಿಗೆ ಹೋಗಿದ್ದೆ. ಕಂಬ ಮೂರು ಬಣ್ಣದಲ್ಲಿ ಕಂಡಿತು. ನೀರಿಗೆ ತಾಗಿ ಕಪ್ಪು ಪಾಚಿ. ಅದರ ಮೇಲೆ ಸುಮಾರು ಎದೆಯೆತ್ತರಕ್ಕೆ ಚಿಪ್ಪುಗಳು ಅಂಟಿಕೊಂಡ ಬಿಳಿ ಪಟ್ಟಿ, ಉಬ್ಬರ ಏರಿ ಇಳಿಯುವ ಜಾಗ. ಅದಕ್ಕೂ ಮೇಲೆ, ಅಲೆಯ ತುಂತುರು ಹಾರುವಲ್ಲಿ ಕಂದು ಗೆರೆಗಳು, ಒಂದೆಡೆ ಅಂಗೈ ಅಗಲ ಕಾಂಕ್ರೀಟು ಹೋಗಿ ರಾಡ್ ಕಾಣುತ್ತಿತ್ತು. ದೋಣಿಯವರು ಹುಟ್ಟಿನ ತುದಿಯಿಂದ ಅದನ್ನು ಮುಟ್ಟಿದರು. ಪುಡಿ ಪುಡಿಯಾಗಿ ನೀರಿಗೆ ಉದುರಿತು. “ಅಡಿಯಲ್ಲಿ ಎಂತದೂ ಆಗುವುದಿಲ್ಲ ಮಾರಾಯ್ರೆ, ಇಲ್ಲಿಯೇ ಹೋಗುವುದು” ಎಂದರು.

ಅವರು ಹೇಳಿದ್ದು ಸರಿ. ಪೂರ್ತಿ ಮುಳುಗಿದ ಭಾಗದಲ್ಲಿ ಉಪ್ಪಿದೆ, ನೀರಿದೆ, ಆದರೆ ತುಕ್ಕಿಗೆ ಬೇಕಾದಷ್ಟು ಆಮ್ಲಜನಕ ಇಲ್ಲ. ಒಮ್ಮೆ ಒದ್ದೆ, ಒಮ್ಮೆ ಒಣಗು ಆಗುವ ಜಾಗದಲ್ಲಿ ಮೂರೂ ಸಿಗುತ್ತವೆ. ಪ್ರತೀ ಸಲ ಒಣಗಿದಾಗ ನೀರು ಹೋಗಿ ಉಪ್ಪು ಉಳಿಯುತ್ತದೆ. ಅದಕ್ಕೇ ಸಮುದ್ರದ ಹತ್ತಿರದ ಸೇತುವೆಗಳಿಗೆ ಘಟ್ಟದ ಬುಡದ ಸೇತುವೆಗಳಿಗಿಂತ ಬೇಗ ಮುಪ್ಪು. ಇಂದಿನ ನಿಯಮದಲ್ಲಿ ತೀರಾ ಕಠಿಣ ಪರಿಸರದ ಕಾಂಕ್ರೀಟಿಗೆ ರಾಡಿನ ಮೇಲೆ 75 ಮಿಲಿಮೀಟರ್ ಹೊದಿಕೆ ಬೇಕು. ಹಳೇ ಸೇತುವೆಗಳಲ್ಲಿ ಅಷ್ಟು ಇರುವುದು ಕಮ್ಮಿ.

ಇನ್ನೊಂದು ಬಗೆಯ ಗರ್ಡರ್ ಇದೆ. ಗಾರೆ ಕೆಲಸದವರು ನಾಲ್ಕೈದು ಇಟ್ಟಿಗೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಒಟ್ಟಿಗೆ ಎತ್ತುತ್ತಾರಲ್ಲ, ಅದೇ ಉಪಾಯ. ಗರ್ಡರಿನ ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದು ಕಾಂಕ್ರೀಟನ್ನು ಸದಾ ಒತ್ತಿ ಇಡುತ್ತಾರೆ. ಇದಕ್ಕೆ ಪ್ರೀಸ್ಟ್ರೆಸ್ಡ್ ಎನ್ನುತ್ತಾರೆ. ಉದ್ದ ದಾಟಲು ಒಳ್ಳೆಯದು. ಆದರೆ ಕೇಬಲ್ ಕೊಳವೆಯೊಳಗೆ ನೀರು ಸೇರಿದರೆ ಹೊರಗೆ ಅಷ್ಟಾಗಿ ಸುಳಿವು ಸಿಗುವುದಿಲ್ಲ. ಎಂಜಿನಿಯರುಗಳಿಗೆ ನಿದ್ದೆ ಕೆಡಿಸುವುದು ಇಂಥವು.

ಕಾಲಡಿಯ ಹೊಯ್ಗೆ ಜಾರಿದಾಗ

ಪಣಂಬೂರಿನಲ್ಲೋ ಮಲ್ಪೆಯಲ್ಲೋ ಅಲೆ ಹಿಂದೆ ಹೋಗುವಾಗ ಸುಮ್ನೆ ನಿಂತು ನೋಡಿ. ಹಿಮ್ಮಡಿಯ ಅಡಿಯಿಂದ ಮರಳು ಸರಸರ ಜಾರುತ್ತದೆ, ಕಾಲು ಕುಸಿದ ಹಾಗಾಗುತ್ತದೆ. ಸೇತುವೆಯ ಕಂಬಕ್ಕೂ ಅದೇ ಆಗುವುದು. ಹರಿವ ನೀರು ಕಂಬಕ್ಕೆ ಬಡಿದು ಕೆಳಗೆ ತಿರುಗಿ, ಸುಳಿಯಾಗಿ, ಬುಡದ ಮರಳನ್ನು ಕೊರೆಯುತ್ತದೆ. ನೆರೆ ಬಂದಾಗ ಈ ಕೊರೆತ ತೀರಾ ಆಳಕ್ಕೆ ಹೋಗುತ್ತದೆ.

ಇದರಲ್ಲಿ ಒಂದು ಮೋಸ ಇದೆ. ನೆರೆ ಇಳಿಯುವಾಗ ಹೊಳೆ ತಂದ ಮರಳು ಅದೇ ಗುಂಡಿಯನ್ನು ಮತ್ತೆ ತುಂಬುತ್ತದೆ. ಫೆಬ್ರವರಿಯಲ್ಲಿ ಹೋಗಿ ನೋಡಿದರೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಸಡಿಲವಾಗಿ ತುಂಬಿದ ಆ ಮರಳಿಗೆ ಹಿಡಿತ ಕಡಿಮೆ, ಮುಂದಿನ ನೆರೆಗೆ ಬೇಗ ಕಿತ್ತು ಹೋಗುತ್ತದೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಕೊಚ್ಚಿಹೋದದ್ದು ಇಂಥ ನೆರೆಯಲ್ಲಿ, ಬಸ್ಸುಗಳ ಸಮೇತ.

ಬಾವಿ ಅಡಿಪಾಯವನ್ನು ಅಷ್ಟು ಆಳಕ್ಕೆ ಇಳಿಸುವುದು ಈ ಕೊರೆತದ ಲೆಕ್ಕ ಇಟ್ಟುಕೊಂಡೇ. ಆದರೆ ಆ ಲೆಕ್ಕ ಹಾಕುವಾಗ ಹೊಳೆಯ ತಳ ಎಷ್ಟು ಮೇಲಿತ್ತು ಎನ್ನುವುದು ಮುಖ್ಯ. ವರ್ಷಗಟ್ಟಲೆ ಹೊಯ್ಗೆ ತೆಗೆದು ತಳವೇ ಕೆಳಗಿಳಿದರೆ ಅಡಿಪಾಯದ ಹಿಡಿತ ಅಷ್ಟೇ ಕಡಿಮೆಯಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ಕಡೆಯ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರವರು ಮೊದಲು ಬೊಟ್ಟು ಮಾಡಿದ್ದು ಮರಳುಗಾರಿಕೆಯ ಕಡೆಗೆ. ಸೇತುವೆಯ ಹತ್ತಿರ ಮರಳು ತೆಗೆಯಬಾರದು ಎಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಲಾರಿಗಳದ್ದು ತಪ್ಪೇ ಇಲ್ವಾ?

ಇದೆ. ಹಳೇ ಸೇತುವೆ ಕಟ್ಟುವಾಗ ಇದ್ದ ಲಾರಿ ಬೇರೆ, ಈಗಿನದ್ದು ಬೇರೆ. 2018ರಲ್ಲಿ ಕೇಂದ್ರ ಸರಕಾರ ನಾಲ್ಕು ಚಕ್ರದ ಒಂದು ಆಕ್ಸಲ್‌ನ (ಅಚ್ಚಿನ) ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಮೂರು ಆಕ್ಸಲ್‌ನ ಟಿಪ್ಪರಿಗೆ 28.5 ಟನ್ ಆಯಿತು. ಅದು ಕಾನೂನಿನ ಲೆಕ್ಕ, ಅದರ ಮೇಲೆ ಹೇರಿಕೊಂಡು ಹೋಗುವವರ ಲೆಕ್ಕ ಬೇರೆ. ಕಬ್ಬಿಣ ಸವೆದ ಗರ್ಡರಿಗೆ ಇಂಥ ಭಾರ ದಿನಾ ಬಿದ್ದರೆ ಬಿರುಕು ಬೆಳೆಯುತ್ತದೆ. ರಿಪೇರಿಗೆ ಮೊದಲೇ ‘ಘನ ವಾಹನ ನಿಷೇಧ’ ಬೋರ್ಡು ಹಾಕುವುದು, ಬಸ್ ಬಿಟ್ಟು ಟಿಪ್ಪರ್ ತಡೆಯುವುದು ಅದಕ್ಕೇ.

ಜನ ಗಮನಿಸದ ಇನ್ನೊಂದು ಭಾರ ಇದೆ: ಡಾಂಬರು. ಗುಂಡಿ ಬಿತ್ತು ಎಂದು ಹಳೇ ಪದರ ಕೀಳದೆ ಮೇಲೊಂದು ಪದರ ಹಾಕುತ್ತಾರೆ. 50 ಮಿಲಿಮೀಟರ್ ದಪ್ಪದ ಡಾಂಬರು ಒಂದು ಚದರ ಮೀಟರಿಗೆ ಸುಮಾರು 115 ಕಿಲೋ. 30 ಮೀಟರ್ ಉದ್ದ, 7.5 ಮೀಟರ್ ಅಗಲದ ಒಂದು ಅಂಕಣಕ್ಕೆ, ಅಂದರೆ ಎರಡು ಕಂಬಗಳ ನಡುವಿನ ಭಾಗಕ್ಕೆ ಲೆಕ್ಕ ಹಾಕಿ. ಹತ್ತಿರ ಹತ್ತಿರ 26 ಟನ್! ತುಂಬಿದ ಒಂದು ಟಿಪ್ಪರನ್ನು ಪ್ರತೀ ಅಂಕಣದ ಮೇಲೆ ಶಾಶ್ವತವಾಗಿ ನಿಲ್ಲಿಸಿದ ಹಾಗೆ. “ಡಾಂಬರು ಹಾಕಿದರಲ್ಲ, ಸೇತುವೆ ಸರಿಯಾಯಿತು” ಎನ್ನುವವರಿಗೆ ಈ ಲೆಕ್ಕ ಹೇಳಬೇಕು.

ಕಾಯಿಲೆ ಹಿಡಿಯುವುದು ಹೇಗೆ

ಹಲಸಿನಕಾಯಿ ಬೆಳೆದಿದೆಯಾ ಎಂದು ತಟ್ಟಿ ನೋಡುತ್ತೇವಲ್ಲ, ಸೇತುವೆಗೂ ಮೊದಲ ಪರೀಕ್ಷೆ ಅದೇ. ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇದ್ದರೆ ಠಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಟೊಳ್ಳು ಶಬ್ದ. ಆಮೇಲೆ ಯಂತ್ರಗಳು. ಒಂದು ಕಡೆಯಿಂದ ಶಬ್ದದ ಅಲೆ ಬಿಟ್ಟು ಇನ್ನೊಂದು ಕಡೆ ಎಷ್ಟು ಬೇಗ ತಲುಪಿತು ಎಂದು ನೋಡುತ್ತಾರೆ. ಒಳಗೆ ಬಿರುಕು, ಪೊಳ್ಳು ಇದ್ದರೆ ತಡವಾಗುತ್ತದೆ. ಇನ್ನೊಂದು ಉಪಕರಣ ರಾಡಿನ ವಿದ್ಯುತ್ ಒತ್ತಡ ಅಳೆದು ಎಲ್ಲಿ ತುಕ್ಕು ನಡೆಯುತ್ತಿದೆ ಎಂದು ಅಂದಾಜು ಕೊಡುತ್ತದೆ.

ನನಗೆ ಇಷ್ಟವಾದ ಪರೀಕ್ಷೆ ಬಣ್ಣದ್ದು. ಹೊಸದಾಗಿ ಒಡೆದ ಕಾಂಕ್ರೀಟಿನ ಮೈಗೆ ಫಿನಾಲ್ಫ್ಥಲೀನ್ ಎಂಬ ದ್ರಾವಣ ಚಿಮುಕಿಸುತ್ತಾರೆ. ಕ್ಷಾರ ಉಳಿದ ಕಡೆ ಪುನರ್ಪುಳಿ ಶರಬತ್ತಿನ ಗಾಢ ಗುಲಾಬಿ ಬಣ್ಣ ಬರುತ್ತದೆ. ಕ್ಷಾರ ಹೋದ ಕಡೆ ಬಣ್ಣವೇ ಇಲ್ಲ. ಹೊರಗಿನಿಂದ ಬಣ್ಣವಿಲ್ಲದ ಪಟ್ಟಿ ರಾಡಿನವರೆಗೂ ಮುಟ್ಟಿದ್ದರೆ ಕೆಲಸ ಕೆಟ್ಟಿತು. ಉಪ್ಪು ಮಾತ್ರ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಡ್ರಿಲ್ ಮಾಡಿ, ಬೇರೆ ಬೇರೆ ಆಳದ ಪುಡಿ ತೆಗೆದು ಲ್ಯಾಬಿಗೆ ಕಳಿಸಬೇಕು. ನೀರಿನ ಅಡಿಯನ್ನು ಮುಳುಗುಗಾರರು ನೋಡುತ್ತಾರೆ, ದೋಣಿಯಿಂದ ಶಬ್ದದ ಅಲೆ ಬಿಟ್ಟು ತಳದ ಆಳವನ್ನೂ ಅಳೆಯುತ್ತಾರೆ.

ರಿಪೇರಿಯಲ್ಲಿ ನಡೆಯುವುದೇನು?

ನಮ್ಮ ಮೇಸ್ತ್ರಿ ಎಲ್ಲಿ ತಪ್ಪಿದ್ದ ಎಂದು ನನಗೆ ಅರ್ಥವಾದದ್ದು ಇಲ್ಲಿ. ಉದುರಿದ ಕಡೆ ಮೇಲಿಂದ ಮೆತ್ತಿದರೆ ಆಗುವುದಿಲ್ಲ. ರಾಡಿನ ಹಿಂದೆಯೂ ಬೆರಳು ಹೋಗುವಷ್ಟು ಕಾಂಕ್ರೀಟು ಕೆತ್ತಬೇಕು. ತುಕ್ಕು ಪೂರ್ತಿ ಉಜ್ಜಿ ತೆಗೆಯಬೇಕು. ರಾಡ್ ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸದು ಕಟ್ಟಬೇಕು. ತುಕ್ಕು ತಡೆಯುವ ಲೇಪ, ಅಂಟಿನ ಲೇಪ, ಆಮೇಲೆ ಕುಗ್ಗದ ವಿಶೇಷ ಗಾರೆ. ಸಣ್ಣ ಬಿರುಕಿಗೆ ಎಪಾಕ್ಸಿ ಅಂಟನ್ನು ಒತ್ತಡದಲ್ಲಿ ಚುಚ್ಚುತ್ತಾರೆ, ಹೆಚ್ಚು ಕಮ್ಮಿ ಇಂಜೆಕ್ಷನ್ ಕೊಟ್ಟ ಹಾಗೆ.

ಇಷ್ಟು ಮಾಡಿದರೂ ಪಕ್ಕದಲ್ಲಿ ಮತ್ತೆ ಉದುರುವುದು ಯಾಕೆ? ತುಕ್ಕು ಒಂದು ಬ್ಯಾಟರಿಯಂತೆ ನಡೆಯುತ್ತದೆ. ಹೊಸ ಗಾರೆಯಲ್ಲಿ ಉಪ್ಪಿಲ್ಲ, ಪಕ್ಕದ ಹಳೇ ಕಾಂಕ್ರೀಟಿನಲ್ಲಿ ಇದೆ. ಒಂದೇ ರಾಡಿನ ಎರಡು ಭಾಗ ಬ್ಯಾಟರಿಯ ಎರಡು ತುದಿಗಳಾಗುತ್ತವೆ, ಉಪ್ಪಿನ ಕಡೆಯದ್ದು ಬೇಗ ಕರಗುತ್ತದೆ. ಇದಕ್ಕೊಂದು ಮದ್ದು ಸತುವಿನ ತುಂಡು. ರಾಡಿಗೆ ಸತು ಕಟ್ಟಿದರೆ ಕಬ್ಬಿಣದ ಬದಲು ಅದು ಸವೆಯುತ್ತದೆ. ಮನೆಯ ಗೀಸರಿನೊಳಗೆ ಇದೇ ಕೆಲಸಕ್ಕೆ ಒಂದು ಕೋಲು ಇರುತ್ತದೆ. ಉಕ್ಕಿನ ಬೋಟುಗಳ ಅಡಿಗೂ ಸತುವಿನ ತುಂಡು ಹಾಕುತ್ತಾರೆ.

ಬೇರಿಂಗ್ ಬದಲಿಸುವುದು ನೋಡಲು ಸಿಕ್ಕಿದರೆ ನೋಡಬೇಕು. ಗರ್ಡರುಗಳ ಅಡಿಗೆ ಸಾಲಾಗಿ ಹೈಡ್ರಾಲಿಕ್ ಜ್ಯಾಕ್ ಇಟ್ಟು, ಎಲ್ಲವನ್ನೂ ಒಂದೇ ಅಳತೆಗೆ ಒಟ್ಟಿಗೆ ಎತ್ತುತ್ತಾರೆ. ಎತ್ತುವುದು ಕೆಲವೇ ಮಿಲಿಮೀಟರ್. ಒಂದು ಜ್ಯಾಕ್ ಮುಂದೆ ಹೋದರೂ ಸ್ಲ್ಯಾಬ್ ತಿರುಚಿ ಬಿರುಕು ಬಿಡುತ್ತದೆ. ನೂರಾರು ಟನ್ ಭಾರವನ್ನು ಒಂದು ಬೆರಳಿನ ಸಂದು ಎತ್ತಿ, ಹಳೇ ರಬ್ಬರ್ ಎಳೆದು ಹೊಸದು ತೂರಿಸಿ, ಹಾಗೆಯೇ ಇಳಿಸಬೇಕು. ಆ ಹೊತ್ತಿಗೆ ಮೇಲೆ ವಾಹನ ಇರಬಾರದು.

ಬಲ ಕಡಿಮೆಯಾದ ಗರ್ಡರಿಗೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸುವುದು, ಹೊರಗಿನಿಂದ ಕೇಬಲ್ ಎಳೆದು ಬಿಗಿಯುವುದು, ಕಂಬಕ್ಕೆ ಸುತ್ತ ಹೊಸ ಕಾಂಕ್ರೀಟಿನ ಅಂಗಿ ತೊಡಿಸುವುದು ಎಲ್ಲ ಇದೆ. ಬುಡದ ಕೊರೆತಕ್ಕೆ ದೊಡ್ಡ ಕಲ್ಲು, ತಂತಿ ಬಲೆಯಲ್ಲಿ ತುಂಬಿದ ಕಲ್ಲು ಹಾಕುತ್ತಾರೆ. ಕಲ್ಲು ಚಿಕ್ಕದಾದರೆ ಮೊದಲ ನೆರೆಗೇ ಸಮುದ್ರ ಸೇರುತ್ತದೆ.

ರಿಪೇರಿಗೆ ಸೇತುವೆ ಇಷ್ಟು ದಿನ ಯಾಕೆ ಬಂದ್?

ಕಾಂಕ್ರೀಟು ಏಳು ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಪಡೆಯುತ್ತದೆ. ಪೂರ್ತಿ ಬಲದ ಲೆಕ್ಕ 28 ದಿನಕ್ಕೆ. ಬೇಗ ಗಟ್ಟಿಯಾಗುವ ಮಿಶ್ರಣಗಳು ಇವೆ, ಆದರೂ ಪಕ್ಕದ ಲೇನಿನಲ್ಲಿ ಲಾರಿ ಓಡಿ ಗರ್ಡರ್ ನಡುಗುತ್ತಿದ್ದರೆ ಹಸಿ ಕಾಂಕ್ರೀಟು ಸರಿಯಾಗಿ ಹಿಡಿಯುವುದಿಲ್ಲ. ಒಂದು ಜಾಯಿಂಟನ್ನೂ ಅರ್ಧ ಅರ್ಧ ಮಾಡಿ ಬದಲಿಸಬೇಕು. ನಮ್ಮಲ್ಲಿ ಕೆಲಸಕ್ಕೆ ಸಿಗುವುದು ನವೆಂಬರಿನಿಂದ ಮೇ ವರೆಗೆ ಮಾತ್ರ. ಆ ಹೊತ್ತಿಗೇ ಮದುವೆ, ಜಾತ್ರೆ, ನೇಮ, ಪರೀಕ್ಷೆ, ಪ್ರವಾಸಿಗರು. ಪಂಪ್‌ವೆಲ್‌ನಿಂದ ಕಲ್ಲಾಪುವರೆಗೆ ವಾಹನ ನಿಂತಾಗ ಬೈಯುವುದು ಸಹಜವೇ.

ಹೊಸ ಸೇತುವೆಯನ್ನೇ ಕಟ್ಟಬಾರದಾ? ಗುರುಪುರದಲ್ಲಿ ಹಾಗೇ ಮಾಡಿದರು, 2020ರಲ್ಲಿ ಹಳೆಯದರ ಬದಲಿಗೆ ಹೊಸದು ಬಂತು. ಆದರೆ ಹೊಸದು ಕಟ್ಟಿ ಮುಗಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಭಾರ ಹೊರಬೇಕಾದದ್ದು ಹಳೆಯದೇ.

ಸರಿಯಾಯಿತು ಎಂದು ಹೇಳುವುದು ಯಾರು?

ಹೆದ್ದಾರಿ 66ರ ಸೇತುವೆಗಳು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯವು ಲೋಕೋಪಯೋಗಿ ಇಲಾಖೆಯದ್ದು. ಅನುಮಾನ ಇದ್ದ ಸೇತುವೆಗೆ ಕೊನೆಯ ಪರೀಕ್ಷೆ ಭಾರದ್ದು.

ತೂಕ ಮಾಡಿದ ಲಾರಿಗಳನ್ನು ಹಂತ ಹಂತವಾಗಿ ತಂದು ಒಂದು ಅಂಕಣದ ಮೇಲೆ ಗುರುತು ಹಾಕಿದ ಜಾಗದಲ್ಲೇ ನಿಲ್ಲಿಸುತ್ತಾರೆ. ಇಂಜಿನ್ ಬಂದ್. ಅಡಿಯಲ್ಲಿ ಗಡಿಯಾರದಂಥ ಮಾಪಕಗಳು ಗರ್ಡರ್ ಎಷ್ಟು ತಗ್ಗಿತು ಎಂದು ತೋರಿಸುತ್ತವೆ. ಬಿಸಿಲಿಗೂ ಗರ್ಡರ್ ಬಗ್ಗುವ ಕಾರಣ ತಾಪಮಾನವನ್ನೂ ಬರೆದಿಡುತ್ತಾರೆ. ಲಾರಿಗಳು ಹಾಗೇ 24 ಗಂಟೆ ನಿಲ್ಲುತ್ತವೆ. ಆಮೇಲೆ ಅವನ್ನು ತೆಗೆದು ಇನ್ನೂ 24 ಗಂಟೆ ಕಾಯುತ್ತಾರೆ. ತಗ್ಗಿದ್ದರಲ್ಲಿ ಸಾಮಾನ್ಯ ಆರ್‌ಸಿಸಿ ಆದರೆ ಕನಿಷ್ಠ 75 ಶೇಕಡಾ, ಪ್ರೀಸ್ಟ್ರೆಸ್ಡ್ ಆದರೆ 85 ಶೇಕಡಾ ಮೇಲೆ ಬಂದಿರಬೇಕು. ಅಂದರೆ ಆರ್‌ಸಿಸಿ ಗರ್ಡರ್ 8 ಮಿಲಿಮೀಟರ್ ತಗ್ಗಿದ್ದರೆ ಮರುದಿನ ಅದೇ ಹೊತ್ತಿಗೆ ಮುಳ್ಳು ಕನಿಷ್ಠ 6 ಮಿಲಿಮೀಟರ್ ಹಿಂದೆ ಬಂದಿರಬೇಕು. ಬಂದಿದ್ದರೆ ಬ್ಯಾರಿಕೇಡ್ ತೆಗೆಯುತ್ತಾರೆ, ತೊಕ್ಕೊಟ್ಟಿನ ಬಸ್ಸು ಮತ್ತೆ ‘ಟಕ್-ಟಕ್’ ಎಂದು ದಾಟುತ್ತದೆ.